ನೂರಾ ಒಂದು ಡಿಗ್ರಿ

ಮಾರ್ಚ್ 4, ಮಂಗಳವಾರ

ಸಿಟ್ಟು ಬಂದಾಗ ನಮ್ಮಪ್ಪ ಹೊಲದ ಬದುವಿಗೆ ಹೋಗಿ, ಯಾರಿಗೂ ಕೇಳಿಸದ ಹಾಗೆ ಮನಸಾರೆ ಬೈದು ಬರುತ್ತಿದ್ದ. ಬಂದವನು ಏನೂ ಆಗದವನಂತೆ ಕೈಕಾಲು ತೊಳೆದು ಊಟಕ್ಕೆ ಕೂರುತ್ತಿದ್ದ. ನನಗೆ ಹೊಲವಿಲ್ಲ. ಔಷಧಿ ಕಂಪನಿಯವನು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಇದೆ. ಎರಡು ತಿಂಗಳಿಂದ ಖಾಲಿ ಬಿದ್ದಿತ್ತು. ಇವತ್ತಿಂದ ಇದೇ ನನ್ನ ಬದು.

ಬೆಳಿಗ್ಗೆ ಹತ್ತೂವರೆಗೆ ನಮ್ಮ ಹೆರಿಗೆ ವಾರ್ಡಿನ ಒಂಬತ್ತನೇ ಹಾಸಿಗೆಗೆ ಒಬ್ಬಳನ್ನು ತಂದರು. ಬಸ್ ಕಂಡಕ್ಟರ್, ಮೂವತ್ತೊಂದು ವರ್ಷ, ಬಸುರಿಗೆ ನಾಲ್ಕು ತಿಂಗಳು. ಟಿಕೆಟ್ ಹರಿಯುತ್ತಾ ನಿಂತವಳಿಗೆ ಬಸ್ಸಿನಲ್ಲೇ ನೀರು ಒಡೆದು ಹೋಗಿದೆ. ಸಮವಸ್ತ್ರ ಮೊಣಕಾಲಿನವರೆಗೆ ನೆನೆದಿತ್ತು. ಸ್ಟ್ರೆಚರಿನಿಂದ ಇಳಿಸುವಾಗ ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಬಸ್ಸು ಅರ್ಧ ದಾರೀಲಿ ನಿಲ್ಸಿ ಬಂದಿದೀನಿ. ಇಷ್ಟೊತ್ತಿಗೆ ಐವತ್ತು ಜನ ನನ್ನ ಬೈತಿರ್ತಾರೆ. ಬೇಗ ನೋಡಿ ಕಳ್ಸಿಬಿಡಿ" ಅಂದಳು.

ಡಾಕ್ಟರಮ್ಮ ಸ್ಕ್ಯಾನ್ ಮಾಡಿದರು. ಗಂಡ ಬರುವವರೆಗೆ ಕಾದು, ಇಬ್ಬರಿಗೂ ಒಟ್ಟಿಗೆ ಹೇಳಿದರು. ಗಂಡ ಲಿಫ್ಟ್ ಮೆಕ್ಯಾನಿಕ್. ಕೈಯ ಗ್ರೀಸು ಒರೆಸಿಕೊಳ್ಳುತ್ತಲೇ ಕೇಳಿಸಿಕೊಂಡ.

"ಮಗುವಿನ ಸುತ್ತ ಇರಬೇಕಾದ ನೀರು ಪೂರ್ತಿ ಹೋಗಿದೆಯಮ್ಮ. ನೀರಿಲ್ಲದೆ ಅದರ ಶ್ವಾಸಕೋಶ ಬೆಳೆಯಲ್ಲ. ಈ ಮಗು ಉಳಿಯಲ್ಲ. ಎದೆಬಡಿತ ಮಾತ್ರ ಇನ್ನೂ ಇದೆ."

"ನಾನು?" ಅಂದಳು ಅವಳು.

"ನೀರಿನ ಚೀಲ ಒಡೆದಿದೆ ಅಂದ್ರೆ ಮನೆ ಬಾಗಿಲು ತೆರೆದಿಟ್ಟ ಹಾಗೆ. ನಂಜು ಒಳಗೆ ನುಗ್ಗಬಹುದು. ಅದು ರಕ್ತಕ್ಕೆ ಏರಿದ್ರೆ ಕಷ್ಟ."

ಕಳೆದ ವರ್ಷ ಇದೇ ಹೊತ್ತಿನಲ್ಲಿ ಆಗಿದ್ದರೆ ಮಧ್ಯಾಹ್ನಕ್ಕೆ ಔಷಧಿ ಶುರು, ನಾಳೆಗೆ ಹೆರಿಗೆ, ನಾಡಿದ್ದು ಮನೆ. ಅಳುತ್ತಾ ಹೋಗುತ್ತಿದ್ದಳು, ಆದರೆ ನಡೆದುಕೊಂಡು ಹೋಗುತ್ತಿದ್ದಳು. ಹಾಗೆ ಹೋದವರನ್ನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹೊಸ ಕಾನೂನು ಬಂದು ಎಂಟು ತಿಂಗಳಾಯಿತು. ಎದೆಬಡಿತ ಇರುವವರೆಗೆ ಬಸುರು ತೆಗೆಯುವಂತಿಲ್ಲ. "ಬಸುರಿಯ ಜೀವಕ್ಕೆ ಗಂಭೀರ ಅಪಾಯ ಒದಗಿದೆ ಎಂದು ವೈದ್ಯರು ತಮ್ಮ ಯುಕ್ತ ವಿವೇಚನೆಯಿಂದ ತೀರ್ಮಾನಿಸಿದ ಹೊರತು". ಆ ಸಾಲು ನನಗೆ ಬಾಯಿಪಾಠ. ಏಕೆಂದರೆ ಅದನ್ನು ಬರೆದವನು ನನ್ನ ತಮ್ಮ. ಕಾನೂನು ಇಲಾಖೆಯಲ್ಲಿ ಕರಡು ಬರೆಯುವುದು ಅವನ ಕೆಲಸ. ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸಿದವಳು ನಾನು. ಪತ್ರಿಕೆಯಲ್ಲಿ ಆ ಸಾಲು ಬಂದ ದಿನ ಕತ್ತರಿಸಿ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ.

ಎಲ್ಲವೂ ವೈದ್ಯರ ವಿವೇಚನೆ ಅಂತ ಇದೆಯಲ್ಲ, ಡಾಕ್ಟರಮ್ಮ ತೀರ್ಮಾನ ಮಾಡಲಿ. ಅವರು ಏನು ಮಾಡಿದರು? ಕೊಡೆ ಸಾಹೇಬರಿಗೆ ಫೋನು ಮಾಡಿದರು. ಅವರು ಆಸ್ಪತ್ರೆಯ ಕಾನೂನು ಅಧಿಕಾರಿ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲದ ದಿನವೂ ಕೊಡೆ ಹಿಡಿದು ಬರುತ್ತಾರೆ, ಅದಕ್ಕೆ ವಾರ್ಡಿನವರು ಇಟ್ಟ ಹೆಸರು.

"ಈಗ ಅಪಾಯ ಇದೆಯಾ, ಮುಂದೆ ಬರತ್ತಾ?" ಫೋನಿನಲ್ಲಿ ಅವರ ದನಿ.

"ಬರತ್ತೆ."

"ಬರತ್ತೆ ಅಂದ್ರೆ ಬಂದಿಲ್ಲ. ಗೋಡೆ ಮೇಲೆ ಹಾಕ್ಸಿದೀನಲ್ಲ, ಅದನ್ನ ನೋಡ್ಕೊಳಿ ಡಾಕ್ಟ್ರೇ."

ಗೋಡೆಯ ಮೇಲಿರುವುದು ಅವರೇ ಟೈಪು ಮಾಡಿಸಿ ಗಾಜು ಹಾಕಿಸಿದ ಒಂದು ಹಾಳೆ. ನೂರಾ ಒಂದು ಡಿಗ್ರಿ ಜ್ವರ, ಒಂದು ಗಂಟೆ ಬಿಟ್ಟು ಎರಡು ಸಲ. ಇಲ್ಲವೇ ನಿಲ್ಲದ ರಕ್ತಸ್ರಾವ. ಎರಡರಲ್ಲೊಂದು ಕಂಡರೆ ಇಬ್ಬರು ವೈದ್ಯರು ಸಹಿ ಹಾಕಿ ಮುಂದುವರಿಯಬಹುದು. ಕಾನೂನಿನಲ್ಲಿ ಈ ಅಂಕಿಗಳು ಎಲ್ಲೂ ಇಲ್ಲ.

"ಸೋಂಕು ತಡೆಯೋ ಇಂಜೆಕ್ಷನ್ ಶುರು ಮಾಡಿ. ಗಂಟೆಗೊಂದು ಸಲ ಜ್ವರ ನೋಡಿ" ಅಂದು ಡಾಕ್ಟರಮ್ಮ ತಲೆ ತಗ್ಗಿಸಿಕೊಂಡು ಹೋದರು.

ಪುಕ್ಕಲಿ. ಬರೆಯಲೇಬೇಕು, ಬರೆದೆ. ಈ ವಾರ್ಡಿನ ಹೆಡ್ ಸಿಸ್ಟರ್ ನಾನು, ಎಲ್ಲರ ಬಾಯಲ್ಲಿ ದೊಡ್ಡಕ್ಕ. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಡಾಕ್ಟರ ಎದುರಿಗೆ ನಾನು ಅಭಿಪ್ರಾಯ ಹೇಳಿದವಳಲ್ಲ. ಹೇಳಿದ್ದನ್ನು ಮಾಡುವುದು, ಮಾಡಿದ್ದನ್ನು ಬರೆದಿಡುವುದು, ಅಷ್ಟೇ ನನ್ನ ಕೆಲಸ. ಅದನ್ನು ನನ್ನಷ್ಟು ಚೊಕ್ಕವಾಗಿ ಮಾಡುವವರು ಈ ಕಟ್ಟಡದಲ್ಲಿ ಇಲ್ಲ.

ಮಾರ್ಚ್ 5, ಬುಧವಾರ

ಒಂಬತ್ತನೇ ಹಾಸಿಗೆ: ಬೆಳಿಗ್ಗೆ 98.6, ಮಧ್ಯಾಹ್ನ 99.

ಊಟದ ಬಿಡುವಿನಲ್ಲಿ ತಮ್ಮನಿಗೆ ಫೋನು ಹಚ್ಚಿದೆ. ಅವನಿಗೂ ರೇಗಿತು.

"ಅಕ್ಕಾ, ನಾಲ್ಕನೇ ಕಲಮು ಬರೆದೋನು ನಾನು. ಜ್ವರ ಬರ್ಬೇಕು, ಕಣ್ಣು ಮೇಲಾಗ್ಬೇಕು ಅಂತ ಎಲ್ಲಾದ್ರೂ ಇದೆಯಾ? ಡಾಕ್ಟರ ಬುದ್ಧಿಗೆ ಬಿಟ್ಟಿದೀವಿ. ಅವ್ರು ಹೆದರ್ಕೊಂಡು ಕೂತ್ರೆ ಕಾನೂನು ಏನ್ ಮಾಡತ್ತೆ?"

ಅದನ್ನೇ ಕಟ್ಟಿಕೊಂಡು ಹೋಗಿ ಡಾಕ್ಟರಮ್ಮನಿಗೆ ಹೇಳಿದೆ. ನನ್ನ ಮಾತಾಗಿ ಅಲ್ಲ, ತಮ್ಮನ ಮಾತಾಗಿ. ಅವರು ಕೈಗವಸು ಬಿಚ್ಚುತ್ತಿದ್ದರು. ಬಿಚ್ಚಿ ಬುಟ್ಟಿಗೆ ಹಾಕಿ, ಬಾಗಿಲು ಹಾಕಿಕೊಂಡರು.

"ನಿಮ್ಮ ತಮ್ಮ ಬರೆದದ್ದು ನಂಗೂ ಬಾಯಿಗೆ ಬರತ್ತೆ ದೊಡ್ಡಕ್ಕ. ಯುಕ್ತ ವಿವೇಚನೆ. ವಿವೇಚನೆ ನಂದು. ಅದು ಯುಕ್ತವೋ ಅಲ್ವೋ ಅಂತ ಹೇಳೋರು ಬೇರೆಯವ್ರು. ಎಲ್ಲ ಮುಗಿದ ಮೇಲೆ, ಫ್ಯಾನಿನ ಕೆಳಗೆ ಕೂತು, ನೀರು ಕುಡೀತಾ ಹೇಳ್ತಾರೆ. ತಪ್ಪಾಗಿದ್ರೆ ಹತ್ತು ವರ್ಷ ಜೈಲು. ನನ್ನ ಜೊತೆ ಓದಿದವಳೊಬ್ಬಳು ಜ್ವರಕ್ಕೆ ಕಾಯದೇ ಬಸುರು ತೆಗೆದ್ಲು. ಕಟಕಟೆ ಹತ್ತಿಸಿದಾರೆ. ಆ ರೋಗಿಯ ಮುಖಾನೇ ನೋಡದ ಒಬ್ಬ ಡಾಕ್ಟರ್ ಬಂದು, ಇನ್ನೂ ಆರು ಗಂಟೆ ಕಾಯಬಹುದಿತ್ತು ಅಂದನಂತೆ. ಆ ಹೆಂಗಸು ಬದುಕಿದಾಳೆ. ಅದೇ ಮುಳುವಾಯ್ತು. ಬದುಕಿದಾಳಲ್ಲ, ಹಾಗಾದ್ರೆ ಅಪಾಯ ಎಲ್ಲಿತ್ತು ಅಂತ ಕೇಳಿದ್ರಂತೆ."

ಕೇಳಿಸಿಕೊಂಡು ವಾರ್ಡಿಗೆ ಮರಳಿದೆ. ಆದರೂ ಹೆದರಿಕೆಗೆ ಕಾರಣ ಹುಡುಕಿಕೊಂಡರೆ ನೂರು ಸಿಗುತ್ತವೆ. ಹೆದರಿಕೆ ಹೆದರಿಕೆಯೇ.

ಗಂಡ ಬಂದು, ಈ ಕಾನೂನಿಲ್ಲದ ಗಡಿಯಾಚೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಲೇ ಅಂತ ಕೇಳಿದ. ಏಳು ಗಂಟೆಯ ದಾರಿ. ನಮ್ಮ ಆಂಬುಲೆನ್ಸ್ ಕೊಟ್ಟರೆ ನಾವೇ ನೆರವಾದಂತೆ ಎಂದು ಕೊಡೆ ಸಾಹೇಬರು ಅಡ್ಡಗಾಲು ಹಾಕಿದರು. ಗೆಳೆಯನ ಕಾರು ತರುತ್ತೇನೆ ಅಂದ. ದಾರಿಯಲ್ಲಿ ರಕ್ತ ಹೋಗಲು ಶುರುವಾದರೆ ಅಂತ ಡಾಕ್ಟರಮ್ಮ ಕೇಳಿದ ಮೇಲೆ ಆ ಯೋಚನೆ ಕೈಬಿಟ್ಟ.

ಅವಳು, "ಇಷ್ಟು ಜನ ಇದೀರಲ್ಲ ಇಲ್ಲಿ. ದಾರೀಲಿ ಯಾರಿರ್ತಾರೆ? ಇವ್ರು ಕೆಟ್ಟು ನಿಂತ ಲಿಫ್ಟ್ ರಿಪೇರಿ ಮಾಡ್ತಾರೆ, ನನ್ನ ಮಾಡಕ್ಕಾಗತ್ತಾ?" ಅಂದಳು. ಗಂಡ ನಕ್ಕ. ನಕ್ಕು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ಅತ್ತನಂತೆ, ಗುಡಿಸುವವಳು ಹೇಳಿದಳು.

ಮಾರ್ಚ್ 6, ಗುರುವಾರ

99.2. 99.8. ಸಂಜೆ ಐದಕ್ಕೆ 100.2.

ನೂರು ದಾಟಿದಾಗ ನನಗೆ ಒಂದು ಥರ ಖುಷಿಯಾಯಿತು. ಇನ್ನು ಎಂಟು ಪಾಯಿಂಟ್ ಏರಿದರೆ ಇವಳ ಗೋಳು ಮುಗಿಯಿತು ಅಂತ. ಆಮೇಲೆ ಕೈಯಲ್ಲಿದ್ದ ಥರ್ಮಾಮೀಟರ್ ನೋಡಿ ಹೇಸಿಗೆಯಾಯಿತು. ಜ್ವರ ಬರಲಿ ಅಂತ ಹಾರೈಸುವ ಕೆಲಸಕ್ಕೆ ನನ್ನನ್ನು ಹಚ್ಚಿದವರು ಯಾರು? ಅವರನ್ನು ಬದುವಿಗೆ ಕರೆದುಕೊಂಡು ಹೋಗಬೇಕು.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಹೋದಾಗ ಅವಳು ಹಲ್ಲು ಕಚ್ಚಿಕೊಂಡು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೊಂಟ, ತಲೆ, ಮೈಯೆಲ್ಲ ನೋವು. "ಅಕ್ಕಾ, ಏನಾದ್ರೂ ಒಂಚೂರು ಕೊಡ್ತೀರಾ? ಇಲ್ಲಾಂದ್ರೆ ಹೇಳ್ಬಿಡಿ, ಕೇಳಲ್ಲ" ಅಂದಳು.

ಕೇಳಲಿಕ್ಕೂ ಹೆದರುವ ಹಾಗೆ ಮಾಡಿದ್ದೇವೆ ಒಂದು ಹೆಣ್ಣನ್ನು. ಎರಡು ಪ್ಯಾರಾಸಿಟಮಾಲ್ ಕೊಟ್ಟೆ. ನೋವಿಗೆ ಆ ಮಾತ್ರೆ ಕೊಡಲು ಹೆಡ್ ಸಿಸ್ಟರ್ ಯಾರನ್ನೂ ಕೇಳಬೇಕಿಲ್ಲ. ಆರು ಗಂಟೆಗೊಮ್ಮೆ ಕೊಡುವಂತೆ ಮುಂದಿನ ಪಾಳಿಯವರಿಗೂ ಹೇಳಿದೆ, ಚಾರ್ಟಿನ ಹಿಂದಿನ ಮಗ್ಗುಲಲ್ಲಿ ಹೊತ್ತು ಸಮೇತ ಬರೆದೆ. ಮುಂದಿನ ಮಗ್ಗುಲು ಡಾಕ್ಟರದು, ಜ್ವರ ನಾಡಿ ಎಲ್ಲ ಅಲ್ಲಿ. ಹಿಂದಿನದು ನಮ್ಮದು.

ಹತ್ತು ಗಂಟೆಗೆಲ್ಲ ಎದ್ದು ಕೂತಳು. ಅರ್ಧ ಲೋಟ ಹಾಲು ಕುಡಿದಳು. ಪಕ್ಕದ ಹಾಸಿಗೆಯವಳಿಗೆ ಟಿಕೆಟ್ ತೆಗೆದುಕೊಳ್ಳದೆ ತಪ್ಪಿಸಿಕೊಳ್ಳುವವರ ಕಥೆ ಹೇಳಿದಳು. ಒಬ್ಬ ದಿನಾ ನಿದ್ದೆ ಬಂದವನಂತೆ ನಟಿಸುತ್ತಿದ್ದನಂತೆ. "ನಾನೂ ಎಬ್ಬಿಸ್ಲಿಲ್ಲ. ಕೊನೇ ಸ್ಟಾಪ್ ತನಕ ಕರ್ಕೊಂಡು ಹೋಗಿ, ಗುಡ್ ಮಾರ್ನಿಂಗ್ ಸಾರ್ ಅಂದೆ." ವಾರ್ಡಿಗೆ ವಾರ್ಡೇ ನಕ್ಕಿತು.

ಇಡೀ ದಿನ 99ರ ಆಸುಪಾಸು. ಡಾಕ್ಟರಮ್ಮ ಸಂಜೆ ಚಾರ್ಟ್ ನೋಡಿ, "ಸದ್ಯ, ಇಳೀತಿದೆ" ಅಂದರು. ಎಷ್ಟೋ ದಿನದ ಮೇಲೆ ಒಂದು ಒಳ್ಳೆಯ ದಿನ.

ಮಾರ್ಚ್ 8, ಶನಿವಾರ

ಬೆಳಿಗ್ಗೆ 99.4. ಹನ್ನೆರಡಕ್ಕೆ 100.

ಒಂದು ಗಂಟೆಗೆ ಊಟದ ತಟ್ಟೆ ತೆಗೆಯಲು ಹೋದರೆ ಮುಟ್ಟಿಯೇ ಇರಲಿಲ್ಲ. "ಮುಂದೆ ಹೋಗಿ, ಮುಂದೆ ಜಾಗ ಇದೆ" ಅಂತ ಗೋಡೆಗೆ ಹೇಳುತ್ತಿದ್ದಳು. ಕೈ ಮಂಜುಗಡ್ಡೆ. ನಾಡಿ ನೂರಾ ಮೂವತ್ತು. ತುಟಿಯ ಬಣ್ಣ ಬೇರೆ. ಥರ್ಮಾಮೀಟರ್ ಇಟ್ಟೆ: 100.2.

ಡಾಕ್ಟರಮ್ಮ ಓಡಿ ಬಂದರು. ಹೊಟ್ಟೆ ಮುಟ್ಟಿದರು, ಹೊದಿಕೆ ಸರಿಸಿದರು. ವಾಸನೆ ನನಗೂ ಬಡಿಯಿತು. ಅವರಿಗೆ ಗೊತ್ತಾಯಿತು, ನನಗೆ ಗೊತ್ತಾಯಿತು, ಗುಡಿಸುವವಳಿಗೂ ಗೊತ್ತಾಯಿತು. ಗೊತ್ತಾಗದೇ ಉಳಿದದ್ದು ಗೋಡೆಯ ಮೇಲಿನ ಹಾಳೆಗೆ ಮಾತ್ರ.

ಫೋನು ಹೋಯಿತು. "ಅಂಕಿ ಬಂದಿಲ್ವಲ್ಲ ಡಾಕ್ಟ್ರೇ" ಅಂದರು ಕೊಡೆ ಸಾಹೇಬರು. "ನೀವು ಹೇಳೋದು ಸರಿಯೇ ಇರಬಹುದು. ಆದ್ರೆ ಕಾಗದದ ಮೇಲೆ ಕಾಣಬೇಕಲ್ಲ. ಇನ್ನೊಂದು ಗಂಟೆ ನೋಡಿ. ಅಷ್ಟರಲ್ಲಿ ಎರಡನೇ ಡಾಕ್ಟರನ್ನೂ ಕರೆಸಿ."

ಎರಡನೇ ಡಾಕ್ಟರು ಯಾವುದೋ ಸಭೆಯಲ್ಲಿದ್ದರು. ಡಾಕ್ಟರಮ್ಮ ಹಾಸಿಗೆಯ ಪಕ್ಕ ನಿಂತೇ ಇದ್ದರು, ಒಂದು ಕೈಯಲ್ಲಿ ನಾಡಿ, ಒಂದು ಕೈಯಲ್ಲಿ ಫೋನು. ಮೂರಕ್ಕೆ ಅವಳ ರಕ್ತದೊತ್ತಡ ಕುಸಿಯಿತು. ಆಗ ಫೋನನ್ನು ಹಾಸಿಗೆ ಮೇಲೆ ಎಸೆದು, "ತಳ್ಳಿ ಗಾಡೀನ, ಥಿಯೇಟರಿಗೆ" ಅಂದರು. ಸಹಿ ಆಮೇಲೆ ಬಂತು.

ಎರಡು ಗಂಟೆ. ಎರಡು ಗಂಟೆ ನಾವು ಒಂದು ಹಾಳೆಯನ್ನು ಕಾದೆವು.

ಜೀವ ಉಳಿದಿದೆ. ಗರ್ಭಕೋಶ ಉಳಿಯಲಿಲ್ಲ. ತೀವ್ರ ನಿಗಾ ಘಟಕದಲ್ಲಿದ್ದಾಳೆ. ಗಂಡನಿಗೆ ಹೇಳಲು ನನ್ನನ್ನೇ ಕಳಿಸಿದರು. ಅವನು ಒಂದೇ ಪ್ರಶ್ನೆ ಕೇಳಿದ: "ಮಂಗಳವಾರಾನೇ ಗೊತ್ತಿತ್ತಲ್ವಾ?"

ಮಾರ್ಚ್ 9, ಭಾನುವಾರ

ರಜೆ. ಏನೂ ಮಾಡಲಿಲ್ಲ.

ಮಾರ್ಚ್ 11, ಮಂಗಳವಾರ

ಡಾಕ್ಟರಮ್ಮ ವರದಿ ಬರೆಯಲು ಚಾರ್ಟ್ ತರಿಸಿಕೊಂಡರು. ಮುಂದಿನ ಮಗ್ಗುಲು ನೋಡಿದರು. ಆಮೇಲೆ ಹಾಳೆ ತಿರುಗಿಸಿದರು. ಅವರು ತಿರುಗಿಸಿದ್ದು ನೋಡುವವರೆಗೂ ನನಗೆ ಹೊಳೆದಿರಲಿಲ್ಲ. ದೇವರಾಣೆ ಹೊಳೆದಿರಲಿಲ್ಲ.

"ಈ ಪ್ಯಾರಾಸಿಟಮಾಲ್ ಯಾರು ಕೊಟ್ಟದ್ದು?"

"ನಾನು."

"ಶುಕ್ರವಾರ ಬೆಳಿಗ್ಗೆಯಿಂದ?"

"ನೋವು ಅಂದ್ಲು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ, "ಅದಕ್ಕೇ ಅಂಕಿ ಏರ್ಲಿಲ್ಲ" ಅಂದರು.

ನೋವಿಗೆ ಕೊಟ್ಟ ಮಾತ್ರೆ ಜ್ವರವನ್ನೂ ಅದುಮಿಡುತ್ತದೆ ಅನ್ನುವುದು ಹೊಸದಾಗಿ ಸೇರಿದ ನರ್ಸಿಗೂ ಗೊತ್ತು. ನನಗೆ ಗೊತ್ತಿರಲಿಲ್ಲವೇ? ಇಪ್ಪತ್ತೆಂಟು ವರ್ಷ ಈ ಕೈ ಹಾಗೇ ಪಳಗಿದೆ: ನೋವು ಅಂದರೆ ಮಾತ್ರೆ. ಆಗೆಲ್ಲ ಡಾಕ್ಟರು ಬಂದು ರೋಗಿಯ ಮುಖ ನೋಡುತ್ತಿದ್ದರು, ಹೊಟ್ಟೆ ಮುಟ್ಟುತ್ತಿದ್ದರು, ತಾವೇ ತೀರ್ಮಾನಿಸುತ್ತಿದ್ದರು. ಜ್ವರ ಹತ್ತರಲ್ಲಿ ಒಂದು ಗುರುತಾಗಿತ್ತು. ಅದೊಂದೇ ಬಾಗಿಲಾಗಿರಲಿಲ್ಲ. ಆ ಬಾಗಿಲಿಗೆ ನಾನು ಆರು ಗಂಟೆಗೊಮ್ಮೆ ಅಗುಳಿ ಹಾಕಿದೆ. ಹೊತ್ತು ಸಮೇತ ಬರೆದೂ ಇಟ್ಟೆ, ಚೊಕ್ಕವಾಗಿ.

ನನ್ನ ಕೈ ನೋಡಿಕೊಂಡರೆ ಕಚ್ಚಬೇಕು ಅನಿಸುತ್ತದೆ.

ಮಾರ್ಚ್ 13, ಗುರುವಾರ

ಕೊಡೆ ಸಾಹೇಬರು ಕರೆಸಿದರು. ಕೂರಿಸಿ ಚಹಾ ತರಿಸಿದರು. ಕೊಡೆ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು.

"ದೊಡ್ಡಕ್ಕ, ಹೆದರ್ಬೇಡಿ. ಒಂದು ಎಚ್ಚರಿಕೆ ಪತ್ರ ಅಷ್ಟೇ. ಇನ್ನು ಮೂರು ವರ್ಷಕ್ಕೆ ನಿವೃತ್ತಿ ನಿಮ್ದು, ಯಾವ ತೊಂದ್ರೇನೂ ಇಲ್ಲ. ಒಂದು ಹೇಳಿಕೆ ಬರೆಸಿದೀನಿ, ಸಹಿ ಹಾಕ್ಬಿಡಿ."

ಓದಿದೆ. "ಶುಶ್ರೂಷಾ ಸಿಬ್ಬಂದಿಯು ನೀಡಿದ ಮಾತ್ರೆಯಿಂದ ಜ್ವರ ಮರೆಯಾದ ಕಾರಣ ವೈದ್ಯರಿಗೆ ಸಕಾಲದಲ್ಲಿ ವಿವೇಚನೆ ನಡೆಸಲು ಸಾಧ್ಯವಾಗಲಿಲ್ಲ."

"ಮಂಗಳವಾರ ಜ್ವರ ಇರ್ಲಿಲ್ಲ, ಮಾತ್ರೇನೂ ಇರ್ಲಿಲ್ಲ. ಅವತ್ತು ಯಾಕೆ ಸಾಧ್ಯವಾಗ್ಲಿಲ್ಲ ಸಾರ್?"

"ಅವತ್ತಿಂದು ಬೇರೆ ವಿಷಯ."

"ಶನಿವಾರ ಒಂದು ಗಂಟೆಗೆ ಅವಳ ಮುಖ ನೋಡಿದ ಯಾರಿಗಾದ್ರೂ ಗೊತ್ತಾಗ್ತಿತ್ತು. ಇನ್ನೊಂದು ಗಂಟೆ ನೋಡಿ ಅಂದವರು ನೀವು."

"ನಾನು ಮುಖ ನೋಡಿಲ್ವಲ್ಲ" ಅಂದರು ಅವರು. ತಮಾಷೆಗಲ್ಲ. ನಿಜವಾಗಿಯೂ ಅದೊಂದು ಸಮರ್ಥನೆ ಅಂದುಕೊಂಡೇ ಹೇಳಿದರು. ಚಹಾದ ಲೋಟವನ್ನು ಅವರ ತಲೆಯ ಮೇಲೆ ಸುರಿಯದೆ ಎದ್ದು ಬಂದದ್ದು ನನ್ನ ಈ ಜನ್ಮದ ಪುಣ್ಯ. ಯೋಚನೆ ಮಾಡಲು ಒಂದು ವಾರ ಕೊಟ್ಟಿದ್ದಾರೆ.

ಮಾರ್ಚ್ 15, ಶನಿವಾರ

ಗೋಡೆಯ ಮೇಲೆ ಹೊಸ ಹಾಳೆ. ನೀರು ಒಡೆದು ಬಂದ ಬಸುರಿಯರಿಗೆ ಜ್ವರ ಇಳಿಸುವ ಯಾವ ಮಾತ್ರೆಯನ್ನೂ ಕೊಡಕೂಡದು, ಜ್ವರ ಸ್ಪಷ್ಟವಾಗಿ ಕಾಣುವಂತಿರಬೇಕು.

ನಾಲ್ಕನೇ ಹಾಸಿಗೆಯವಳು ತಲೆನೋವು ಅಂದಳು. ನೀರು ಒಡೆದದ್ದೇ ಅವಳಿಗೂ. ಕೊಡಲಿಲ್ಲ. ಆದೇಶ ಇದೆ. ಹಣೆಗೆ ಒದ್ದೆ ಬಟ್ಟೆ ಹಾಕಿದೆ. ಸಂಜೆಯ ಹೊತ್ತಿಗೆ ತಾನಾಗಿಯೇ ಹೆರಿಗೆಯಾಯಿತು. ಹೆಚ್ಚೇನೂ ಇಲ್ಲ.

ಮಾರ್ಚ್ 16, ಭಾನುವಾರ

ತಮ್ಮ ಊಟಕ್ಕೆ ಬಂದಿದ್ದ. ಎಲ್ಲ ಹೇಳಿದೆ. ಮಾತ್ರೆಯ ವಿಷಯಕ್ಕೆ ಬಂದಾಗ ಅವನ ಭುಜ ಇಳಿದದ್ದು ನೋಡಿದೆ. ಹೊರೆ ಇಳಿಸಿದವನ ಭುಜ.

"ಹಾಗಾದ್ರೆ ಕಾನೂನಿನ ತಪ್ಪಲ್ಲ ಅಲ್ವಾ ಅಕ್ಕಾ. ಆಸ್ಪತ್ರೆಯ ಒಳಗಿನ ಎಡವಟ್ಟು."

ಊಟ ಅರ್ಧಕ್ಕೇ ಬಿಟ್ಟೆದ್ದೆ. ಕೈ ತೊಳೆದು ಬಂದು ಎದುರಿಗೆ ಕೂತೆ.

"ಒಂದು ಮಾತು ಕೇಳ್ತೀನಿ, ಅಧಿಕಾರಿ ಹಾಗೆ ಹೇಳ್ಬೇಡ. ಅದು ಬರೆಯೋವಾಗ ಯಾರನ್ನ ಕೇಳ್ದೆ?"

"ವೈದ್ಯರ ಸಂಘದವರನ್ನೇ ಕೇಳಿದ್ದು. ಕಾಯಿಲೆಗಳ ಪಟ್ಟಿ ಕೊಡಿ, ಹಾಕ್ತೀನಿ ಅಂದೆ. ಪಟ್ಟಿ ಬೇಡ, ಪಟ್ಟೀಲಿಲ್ಲದ ಕಾಯಿಲೆ ಬಂದವರು ಸಾಯ್ತಾರೆ, ನಮ್ಮ ವಿವೇಚನೆಗೆ ಬಿಡಿ ಅಂದ್ರು. ಅವರು ಕೇಳಿದ್ದನ್ನೇ ಕೊಟ್ಟೆ. ಒಳ್ಳೇ ಮನಸ್ಸಿಂದ ಕೊಟ್ಟೆ ಅಕ್ಕಾ."

"ಹತ್ತು ವರ್ಷ ಜೈಲು?"

"ಅದು ಒಂಬತ್ತನೇ ಕಲಮು. ನಾನು ಬರೆದದ್ದಲ್ಲ. ಪಕ್ಕದ ಮೇಜಿನವನು ಬರೆದದ್ದು."

"ಎರಡೂ ಒಂದೇ ಕಾಗದದಲ್ಲಿ ತಾನೇ ಇರೋದು?"

ಅವನು ಇನ್ನಷ್ಟು ಸಾರು ಬಡಿಸಿಕೊಂಡ.

"ಒಂದು ಕೈಯಲ್ಲಿ ಬೀಗದ ಕೈ ಕೊಟ್ಟು, ಬಾಗಿಲು ತೆಗೆದ್ರೆ ಕೈ ಕಡೀತೀನಿ ಅಂತ ಪಕ್ಕದ ಮೇಜಿನವನ ಹತ್ರ ಹೇಳ್ಸಿದೀರಿ. ಅವರು ಬಾಗಿಲು ಮುಟ್ಟಲ್ಲ. ಕೊಡೆಯವನನ್ನ ಕೇಳ್ತಾರೆ. ಅವನು ಎಲ್ಲಿಂದಲೋ ಒಂದು ಅಂಕಿ ತರ್ತಾನೆ. ನಾನು ಮೂರ್ಖಿ, ಆ ಅಂಕಿಗೆ ಮಾತ್ರೆ ತಿನ್ನಿಸ್ತೀನಿ. ಅವಳ ಗರ್ಭಕೋಶ ಹೋಯ್ತು. ಈಗ ಹೇಳು, ಎಷ್ಟನೇ ಕಲಮಿನಿಂದ ಹೋಯ್ತು?"

"ನಂಗೇನು ಬೈತೀಯಾ ಅಕ್ಕಾ, ಬರೆಯೋದು ನನ್ನ ಕೆಲಸ. ಹೇಳಿದ್ದು ಬರೀತೀನಿ."

ಅವನ ಬಾಯಿಂದ ನನ್ನ ಮಾತೇ ಬಂತು. ಅವನಿಗೆ ತಿದ್ದಿಸಿದವಳು ನಾನಲ್ಲವೇ.  ಅವನು ಹೊರಟಾಗ ನಾನು ಬಾಗಿಲವರೆಗೂ ಹೋಗಲಿಲ್ಲ. ಬೀರುವಿನಲ್ಲಿದ್ದ ಪತ್ರಿಕೆಯ ಚೂರು ಹರಿದು ಒಲೆಗೆ ಹಾಕಿದೆ.

ಮಾರ್ಚ್ 19, ಬುಧವಾರ

ನಮ್ಮ ಕಂಡಕ್ಟರ್ ಮೊನ್ನೆ ವಾರ್ಡಿಗೆ ಮರಳಿದಳು. ಮುಖ ಅಂಗೈಯಷ್ಟಾಗಿದೆ. ಎರಡು ದಿನ ಅವಳ ಹಾಸಿಗೆಗೆ ಬೇರೆಯವರನ್ನು ಕಳಿಸಿದೆ. ಇವತ್ತು ನಾನೇ ಹೋಗಿ ಸ್ಟೂಲು ಎಳೆದುಕೊಂಡು ಕೂತೆ.

"ನಿನಗೆ ಒಂದು ವಿಷಯ ಹೇಳ್ಬೇಕು ಕಣೇ. ಕೇಳಿದ್ಮೇಲೆ ಬೈಯ್ಬೇಕಾದ್ರೆ ಬೈ, ಹೊಡೀಬೇಕಾದ್ರೆ ಹೊಡಿ."

ಎಲ್ಲ ಹೇಳಿದೆ. ಮಾತ್ರೆ, ಜ್ವರ, ಗೋಡೆಯ ಹಾಳೆ, ನೂರಾ ಒಂದು. ಅವಳು ಚಾವಣಿ ನೋಡುತ್ತಾ ಕೇಳಿಸಿಕೊಂಡಳು. 

"ಮಂಗಳವಾರದಿಂದ ಎಲ್ರನ್ನೂ ಕೇಳ್ದೆ ಅಕ್ಕಾ. ಡಾಕ್ಟ್ರನ್ನ ಕೇಳ್ದೆ, ಕಾನೂನಿನವ್ರನ್ನ ನಮ್ಮನೆಯವ್ರ ಕೈಲಿ ಕೇಳಿಸ್ದೆ. ಎಲ್ರೂ ನೋಡೋಣ ಅಂದ್ರು. ಕೇಳಿದ್ದಕ್ಕೆ ಕೈಗೆ ಸಿಕ್ಕಿದ್ದು ನಿಮ್ಮ ಎರಡು ಮಾತ್ರೆ ಒಂದೇ."

"ಅದರಿಂದಾನೇ..."

"ಗೊತ್ತಾಯ್ತು. ದಡ್ಡಿ ಅಲ್ಲ ನಾನು." ದನಿ ಗಡುಸಾಯಿತು. "ಸಿಟ್ಟು ಬಂದಿದೆ. ನಿಮ್ಮ ಮೇಲೂ ಬಂದಿದೆ. ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಕಾಯಿಲೆ ಬಿದ್ದದ್ದು ಸಾಲದು, ಅವ್ರಿಗೆ ಒಪ್ಪೋ ಹಾಗೆ ಕಾಯಿಲೆ ಬೀಳ್ಬೇಕಿತ್ತಾ? ಅದನ್ನ ಯಾರಾದ್ರೂ ಬಂದು ಹೇಳಿ."

 ಅವಳ ತಲೆದಿಂಬು ಸರಿಮಾಡಿದೆ. ಬೇಡ ಅನ್ನಲಿಲ್ಲ ಅವಳು.

ಮಾರ್ಚ್ 20, ಗುರುವಾರ

ಕೊಡೆ ಸಾಹೇಬರ ಹೇಳಿಕೆಗೆ ಸಹಿ ಹಾಕಲಿಲ್ಲ. ನನ್ನದೇ ಒಂದು ಬರೆದು ಕೊಟ್ಟೆ. ಮಂಗಳವಾರ ಹತ್ತೂವರೆಯಿಂದ ಶನಿವಾರ ಮೂರರವರೆಗೆ ಯಾರು ಏನು ಹೇಳಿದರು, ಯಾರು ಯಾರಿಗೆ ಫೋನು ಮಾಡಿದರು, ನಾನು ಎಷ್ಟು ಹೊತ್ತಿಗೆ ಮಾತ್ರೆ ಕೊಟ್ಟೆ, ಎಲ್ಲ. ಆರು ಪುಟ. ಬರೆಯುವುದು ನನಗೆ ಚೆನ್ನಾಗಿ ಬರುತ್ತದೆ. ಒಂದು ಪ್ರತಿ ಲಿಫ್ಟ್ ಮೆಕ್ಯಾನಿಕ್‌ಗೆ ಕೊಟ್ಟೆ.

"ಇದರಿಂದ ನಿಮಗೇ ತೊಂದ್ರೆ ದೊಡ್ಡಕ್ಕ" ಅಂದರು ಸಾಹೇಬರು.

"ಗೊತ್ತು ಸಾರ್. ಮಳೆ ಬಂದ್ರೆ ನೆನೀತೀನಿ."

ಮಾರ್ಚ್ 25, ಮಂಗಳವಾರ

ಬೆಳಿಗ್ಗೆ ಎಂಟಕ್ಕೆ ತರಕಾರಿ ಅಂಗಡಿಯವಳೊಬ್ಬಳನ್ನು ತಂದರು. ಹತ್ತೊಂಬತ್ತು ವಾರ. ನೀರು ಒಡೆದು ಒಂದು ದಿನವಾಗಿದೆ, ಅಂಗಡಿ ಬಿಟ್ಟು ಬರಲಾಗದೆ ಕೂತಿದ್ದಳಂತೆ. ಎದೆಬಡಿತ ಇದೆ. ಜ್ವರ 100. ಸೊಂಟ ಹಿಡಿದುಕೊಂಡು ಎರಡಾಗಿ ಬಾಗಿಹೋಗಿದ್ದಳು.

"ಅಮ್ಮಾ, ನೋವಿಗೆ ಏನಾದ್ರೂ" ಅಂದಳು. ಹೊಸ ನರ್ಸು ಗೋಡೆ ತೋರಿಸಿದಳು.

ನಾನು ಕಪಾಟು ತೆಗೆದು ಎರಡು ಮಾತ್ರೆ ಕೊಟ್ಟೆ, ನೀರು ಕುಡಿಸಿದೆ. ಆಮೇಲೆ ಚಾರ್ಟ್ ತೆಗೆದುಕೊಂಡೆ. ಹಿಂದಿನ ಮಗ್ಗುಲಲ್ಲಿ ಅಲ್ಲ, ಮುಂದಿನ ಮಗ್ಗುಲಲ್ಲಿ, ಜ್ವರ ಬರೆಯುವ ಚೌಕಗಳ ಮೇಲೆ ಅಡ್ಡಲಾಗಿ ಕೆಂಪು ಶಾಯಿಯಲ್ಲಿ ಬರೆದೆ: "ಎಂಟೂ ಹತ್ತಕ್ಕೆ ಪ್ಯಾರಾಸಿಟಮಾಲ್ ಕೊಟ್ಟಿದೆ. ಇನ್ನು ಮುಂದೆ ಈ ಅಂಕಿಯನ್ನು ನಂಬುವಂತಿಲ್ಲ. ರೋಗಿಯನ್ನು ನೋಡುವುದು." ಕೆಳಗೆ ನನ್ನ ಸಹಿ.

ಡಾಕ್ಟರಮ್ಮ ಒಂಬತ್ತಕ್ಕೆ ಬಂದರು. ಓದಿದರು. ಮುಖ ಕೆಂಪಾಯಿತು.

"ಏನ್ ಮಾಡಿದೀರಿ ದೊಡ್ಡಕ್ಕ? ಆದೇಶ ಓದಿಲ್ವಾ? ಈಗ ನಾನು ಯಾವ ಅಂಕಿ ನೋಡ್ಲಿ?"

"ಯಾವ ಅಂಕೀನೂ ಇಲ್ಲ ಡಾಕ್ಟ್ರಮ್ಮ. ಅವಳಿದಾಳೆ."

"ನನ್ನ ಜೈಲಿಗೆ ಕಳಿಸ್ತೀರಾ?"

"ಜೊತೆಗೆ ಬರ್ತೀನಿ. ಆದ್ರೆ ಮೊದ್ಲು ಅವಳನ್ನ ನೋಡಿ."

 ಅವರು ನನ್ನನ್ನು ದುರುಗುಟ್ಟಿ ನೋಡಿದರು. ಇಷ್ಟು ವರ್ಷದಲ್ಲಿ ಆ ಕಣ್ಣಿಗೆ ನಾನು ಕಣ್ಣು ಕೊಟ್ಟು ನಿಂತದ್ದಿಲ್ಲ. ಆಮೇಲೆ ಅವರು ಫೋನನ್ನು ನನ್ನ ಕೈಗೆ ಕೊಟ್ಟು, ಸ್ಟೂಲು ಎಳೆದುಕೊಂಡು ಕೂತರು. ಹೊಟ್ಟೆಯ ಮೇಲೆ ಕೈಯಿಟ್ಟರು. ನಾಡಿ ಹಿಡಿದರು, ಗಡಿಯಾರ ನೋಡದೆ. ನಾಲಿಗೆ ನೋಡಿದರು. ಕಾಲಿನ ಬೆರಳು ಮುಟ್ಟಿ ನೋಡಿದರು. ಅಂಗಡಿ ಎಲ್ಲಿ, ರಾತ್ರಿ ಚಳಿ ಬಂತಾ, ನೀರಿನ ಬಣ್ಣ ಹೇಗಿತ್ತು, ನಿನಗೇನು ಬೇಕು ಅಂತ ಕೇಳಿದರು. ಉತ್ತರಗಳನ್ನು ಪೂರ್ತಿ ಕೇಳಿಸಿಕೊಂಡರು. ಕಾಲು ಗಂಟೆ. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಫೋನು ಎರಡು ಸಲ ಹೊಡೆದುಕೊಂಡಿತು. ಕೊಡೆ ಸಾಹೇಬರದು. ಎರಡು ಸಲವೂ ಕೇಳಿದೆ, "ತೆಗೀಲಾ?" ಎರಡು ಸಲವೂ ಡಾಕ್ಟರಮ್ಮ ತಲೆ ಎತ್ತಲಿಲ್ಲ.

ಎದ್ದು ಕಾಗದ ಕೇಳಿದರು. ಮೇಜಿಗೆ ಹೋಗಲಿಲ್ಲ, ಹಾಸಿಗೆಯ ಅಂಚಿನಲ್ಲೇ ಚಾರ್ಟಿನ ಹಲಗೆ ಇಟ್ಟುಕೊಂಡು ತಮ್ಮ ತೀರ್ಮಾನವನ್ನು ಅರ್ಧ ಪುಟ ಬರೆದರು. ಮೊದಲ ಸಹಿ ಕೆಟ್ಟಿತು, ಎರಡನೇ ಸಲ ಹಾಕಿದರು. ಎರಡನೇ ವೈದ್ಯರನ್ನು ತಾವೇ ಹುಡುಕಿಕೊಂಡು ಹೋದರು. ಏನು ಹೇಳಿದರೋ, ಏನು ಬೈದರೋ, ಹಾಳೆ ಎರಡು ಸಹಿಯಾಗಿ ವಾಪಸ್ಸು ಬಂತು.

ಹತ್ತೂವರೆಗೆ ಔಷಧಿ ಶುರು ಮಾಡಿದೆವು. ಸಂಜೆ ಐದೂಕಾಲಿಗೆ ಮುಗಿಯಿತು. ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ, ಎಷ್ಟು ಹೊತ್ತು ಬೇಕೋ ಇಟ್ಟುಕೊಳ್ಳಲಿ ಅಂತ ಪರದೆ ಎಳೆದೆ. ಆರು ಗಂಟೆಗೆ ಅವಳ ಮೈ ಮುಟ್ಟಿ ನೋಡಿದೆ. ಬೆಚ್ಚಗಿತ್ತು, ಇರಬೇಕಾದಷ್ಟೇ.

ನಾಳೆ ಹತ್ತಕ್ಕೆ ನಮ್ಮಿಬ್ಬರನ್ನೂ ಕೊಡೆ ಸಾಹೇಬರು ಕರೆದಿದ್ದಾರೆ. ಪೊಲೀಸಿನವರೂ ಬರಬಹುದು ಅಂತ ಹೊಸ ನರ್ಸು ಪಿಸುಗುಟ್ಟಿದಳು. ಡಾಕ್ಟರಮ್ಮ ಹೋಗುವಾಗ ಬಾಗಿಲಲ್ಲಿ ನಿಂತು, "ಒಂಬತ್ತೂವರೆಗೆ ಬನ್ನಿ ದೊಡ್ಡಕ್ಕ, ಒಟ್ಟಿಗೆ ಹೋಗೋಣ" ಅಂದರು.

ತಮ್ಮನಿಗೆ ಫೋನು ಮಾಡಿ ನಾಳೆ ಹತ್ತಕ್ಕೆ ಬಂದು ಹೊರಗಿನ ಬೆಂಚಿನ ಮೇಲೆ ಕೂತಿರು ಅಂದಿದ್ದೇನೆ. ಯಾಕೆ ಅಂದ. ನೀನು ಬರೆದದ್ದು ಏನು ಮಾಡತ್ತೆ ಅಂತ ನೋಡಲಿಕ್ಕೆ, ಅಂದೆ.